ಡಿರ್ನ್‌ಡಲ್ ಆಮೇಲೆ, ಮೊದಲು ಶೂ

"ಅಕ್ಕಾ, ಡ್ರೆಸ್ ಆಯ್ತು, ಶೂ ಒಂದು ಬಾಕಿ, ಐದು ನಿಮಿಷದ ಕೆಲಸ" ಅಂತ ಹೇಳ್ಕೊಂಡು ಬರೋ ಹುಡುಗೀರ್ನ ಕಂಡ್ರೆ ನಂಗೆ ಭಯ. ಮ್ಯೂನಿಕ್‌ನಲ್ಲಿ ಟ್ರಾಖ್ಟ್, ಅಂದ್ರೆ ಬವೇರಿಯಾದವ್ರ ಸಾಂಪ್ರದಾಯಿಕ ಬಟ್ಟೆ ಮಾರೋ ಅಂಗಡೀಲಿ ಒಂಬತ್ತು ವರ್ಷದಿಂದ ಇದೀನಿ, ಅದರಲ್ಲಿ ಏಳು ವರ್ಷ ಬರೀ ಶೂ ಸೆಕ್ಷನ್ನು, ಸ್ಟೂಲ್ ಮೇಲೆ ಕೂತು ಕಾಲಿನ ಅಳತೆ ತಗೊಳ್ಳೋದು, ಹಾಕಿಸೋದು, ನಡೆಸಿ ನೋಡೋದು ಇದೇ ಕೆಲಸ. ಸೆಪ್ಟೆಂಬರ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಅನ್ನೋ ಬಿಯರ್ ಹಬ್ಬ ಶುರುವಾಗೋ ಹಿಂದಿನ ವಾರ ನಮ್ಮಲ್ಲಿ ನಿಲ್ಲೋಕೂ ಜಾಗ ಇರಲ್ಲ, ಆ ವಾರ ಬರೋ ಕನ್ನಡದವ್ರೂ ಕಮ್ಮಿ ಏನಿಲ್ಲ, ಬೆಂಗಳೂರಿಂದ ಐಟಿ ಕೆಲಸಕ್ಕೆ ಬಂದೋರು, ಓದೋಕೆ ಬಂದೋರು, ಮಗಳ ಮನೆಗೆ ಅಂತ ಬಂದ ಅಮ್ಮಂದಿರು ಕೂಡ. ಎಲ್ಲರೂ ಡಿರ್ನ್‌ಡಲ್, ಅಂದ್ರೆ ಬಿಗಿ ರವಿಕೆ, ನೆರಿಗೆ ಲಂಗ, ಮೇಲೊಂದು ಏಪ್ರನ್ ಇರೋ ಇಲ್ಲಿನ ಹೆಂಗಸರ ಡ್ರೆಸ್ಸು, ಅದರ ಏಪ್ರನ್ ಲಾಡಿ ಎಡಕ್ಕೆ ಕಟ್ಟಬೇಕಾ ಬಲಕ್ಕೆ ಕಟ್ಟಬೇಕಾ ಅಂತ ಕೇಳ್ತಾರೆ (ಎಡಕ್ಕಾದ್ರೆ ಸಿಂಗಲ್, ಬಲಕ್ಕಾದ್ರೆ ಜೋಡಿ ಇದೆ ಅಂತ, ನೀವು ಹೇಗೆ ಬೇಕಾದ್ರೂ ಕಟ್ಕೊಳಿ ಪೊಲೀಸ್ ಏನು ಬರಲ್ಲ), ಶೂ ಬಗ್ಗೆ ಮಾತ್ರ ಯಾರೂ ಏನೂ ಕೇಳಲ್ಲ.

ನಮ್ಮ ಕಡೆ ಸೀರೆ ಉಡೋವಾಗ ಮನೇಲಿ ದೊಡ್ಡವ್ರು ಏನು ಹೇಳ್ತಾರೆ? ಮೊದಲು ಹೀಲ್ಸ್ ಹಾಕ್ಕೋ, ಆಮೇಲೆ ನೆರಿಗೆ ಹಿಡಿ, ಇಲ್ಲಾಂದ್ರೆ ಸೀರೆ ಮೇಲಕ್ಕೆ ಹೋಗತ್ತೆ ಅಂತ. ಡಿರ್ನ್‌ಡಲ್‌ಗೂ ಅದೇ ಲೆಕ್ಕ. ಒಂದೇ ವ್ಯತ್ಯಾಸ ಏನಂದ್ರೆ ಸೀರೇಲಿ ಚಪ್ಪಲಿ ನೆರಿಗೆ ಒಳಗೆ ಮುಚ್ಚಿ ಹೋಗತ್ತೆ, ಹಳೇದೋ ಸವೆದಿದ್ದೋ ಯಾರಿಗೂ ಗೊತ್ತಾಗಲ್ಲ, ಡಿರ್ನ್‌ಡಲ್‌ನಲ್ಲಿ ಮೊಣಕಾಲಿಂದ ಕೆಳಗೆ ಎಲ್ಲಾ ಬಯಲು. ಜನ ಮೊದಲು ಮುಖ ನೋಡ್ತಾರೆ, ಎರಡನೇದು ಕಾಲೇ. ಅದಕ್ಕೇ ನಾನು ಹೇಳೋದು, ಡ್ರೆಸ್ ಟ್ರಯಲ್‌ಗೆ ಹೋಗೋವಾಗ್ಲೇ ಶೂ ಕಾಲಲ್ಲಿ ಇರಬೇಕು, ದರ್ಜಿ ಅಂಚು ಗುರುತು ಹಾಕೋದು ಆ ಹೀಲ್‌ನ ಮೇಲೆ ನಿಂತಾಗ. ಬರಿಗಾಲಲ್ಲಿ ಅಳತೆ ಕೊಟ್ಟು ಆಮೇಲೆ ಆರು ಸೆಂಟಿಮೀಟರ್ ಹೀಲ್ ಹಾಕಿದ್ರೆ ಲಂಗದ ಅಂಚು ನೆಲದಿಂದ ಅಷ್ಟು ಮೇಲಕ್ಕೆ ಹೋಗತ್ತೆ ಅಷ್ಟೇ ಅಲ್ಲ, ಮೀನಖಂಡ ಬೇರೆ ಕಡೆ ಬಂದು ನಿಲ್ಲತ್ತೆ, ಇಡೀ ಡ್ರೆಸ್ಸೇ ತಂಗೀದು ಹಾಕ್ಕೊಂಡು ಬಂದ ಹಾಗೆ.

ಅಂಗಡೀಲಿ ಡಿರ್ನ್‌ಡಲ್ ಲಂಗದ ಉದ್ದ ಸೆಂಟಿಮೀಟರ್ ಲೆಕ್ಕದಲ್ಲಿ ಬರತ್ತೆ, ಸೊಂಟದಿಂದ ಕೆಳಕ್ಕೆ 50 ಅಂದ್ರೆ ಮಿನಿ, 60 ರಿಂದ 70 ಮಿಡಿ, 80 ದಾಟಿದ್ರೆ ಉದ್ದದ್ದು. ಮಿನಿಗೆ ಎತ್ತರದ ಹೀಲ್ ಹಾಕಿದ್ರೆ ನೇರವಾಗಿ ಹೇಳ್ತೀನಿ ಫ್ಯಾನ್ಸಿ ಡ್ರೆಸ್ ಕಾಂಪಿಟೇಶನ್ ಥರ ಕಾಣತ್ತೆ, ಅದಕ್ಕೆ ಫ್ಲಾಟ್ ಅಥವಾ ತೀರಾ ಚಿಕ್ಕ ಹೀಲ್ ಸಾಕು. ಕಷ್ಟ ಇರೋದು ಮಿಡಿಗೆ. ಅದು ಮೊಣಕಾಲು ದಾಟಿ ಮೀನಖಂಡದ ದಪ್ಪ ಇರೋ ಕಡೆ ಬಂದು ನಿಂತು ಕಾಲನ್ನ ಅಡ್ಡಕ್ಕೆ ಕತ್ತರಿಸಿಬಿಡತ್ತೆ, ನಾನು ಐದು ಅಡಿ ಒಂದಿಂಚು, ನಮ್ಮೋರು ತುಂಬಾ ಜನ ನನ್ನಂಗೇ, ನಮಗೆ ಅಲ್ಲಿ 4-5 ಸೆಂಟಿಮೀಟರ್ ಬ್ಲಾಕ್ ಹೀಲ್, ಅಂದ್ರೆ ದಪ್ಪ ಅಗಲ ಹೀಲ್, ತುಂಬಾ ಸಹಾಯ ಮಾಡತ್ತೆ. ಅದ್ರಲ್ಲೂ ಪಾದದ ಮೇಲೆ ಅಡ್ಡಪಟ್ಟಿ ಇರೋ ಪಂಪ್ಸ್ (ಮೂತಿ ಮುಚ್ಚಿರೋ ಹೀಲ್ ಶೂ), ಇಲ್ಲಿಯವ್ರು ಶ್ಪಾಂಗನ್‌ಪಂಪ್ಸ್ ಅಂತಾರೆ, ಅದೇ ನಂಗೆ ಇಷ್ಟ. ಆದ್ರೆ ಪಟ್ಟಿ ಪಾದದ ಮಧ್ಯಕ್ಕೆ ಬರಬೇಕು, ಕಾಲ್ಗಿಣ್ಣಿನ ಸುತ್ತ ಕಟ್ಟೋ ಪಟ್ಟಿ ಆದ್ರೆ ಕುಳ್ಳಗಿರೋರನ್ನ ಇನ್ನೂ ಕುಳ್ಳಗೆ ತೋರಿಸತ್ತೆ. ಉದ್ದದ ಡಿರ್ನ್‌ಡಲ್‌ಗೆ ಏನು ಬೇಕಾದ್ರೂ ನಡಿಯತ್ತೆ, ಲೇಸ್ ಇರೋ ಗಿಣ್ಣುದ್ದದ ಬೂಟ್ ಆದ್ರೆ ಇನ್ನೂ ಚೆಂದ.

ಈಗ ಎಲ್ಲಿ ನಿಲ್ತೀರಾ ಅನ್ನೋ ಪ್ರಶ್ನೆ. ಹಬ್ಬ ನಡಿಯೋ ಜಾಗ ಟೆರೇಸಿಯನ್‌ವೀಸೆ, 1810ರಲ್ಲಿ ಯುವರಾಜ ಲುಡ್ವಿಗ್‌ಗೂ ಟೆರೇಸಾಗೂ ಮದುವೆ ಆದಾಗ ಶುರುವಾದ ಹಬ್ಬ, ಜಾಗಕ್ಕೂ ಆಕೇದೇ ಹೆಸರು, ಇಲ್ಲಿಯವ್ರ ಬಾಯಲ್ಲಿ ಬರೀ ವೀಸನ್. ಹೆಸರಿಗೆ ಹುಲ್ಲುಗಾವಲು, ಕಾಲಿಡೋದು ಟಾರು, ಜಲ್ಲಿ, ಟೆಂಟ್ ಒಳಗೆ ಚೆಲ್ಲಿದ ಬಿಯರ್‌ನಿಂದ ಅಂಟಂಟಾಗಿರೋ ಹಲಗೆ ಮೇಲೆ. ಸಂಜೆ ಆದ್ಮೇಲೆ ಕುರ್ಚಿ ಬೆಂಚು ಅಂತ ಯಾರೂ ಕೂರಲ್ಲ, ಬ್ಯಾಂಡ್ ಬಾರಿಸಿದ ತಕ್ಷಣ ಎಲ್ಲರೂ ಬೆಂಚ್ ಹತ್ತಿ ನಿಲ್ತಾರೆ. ಸಾಮಾನ್ಯ ಬಿಯರ್ ಬೆಂಚಿನ ಅಗಲ 25 ಸೆಂಟಿಮೀಟರ್, ನಿಮ್ಮ 38 ಸೈಜ್ ಶೂನ ಉದ್ದ ಹೆಚ್ಚೂಕಮ್ಮಿ ಅಷ್ಟೇ! ಅಂದ್ರೆ ಪಾದ ಅಡ್ಡ ಇಟ್ರೆ ಹಿಮ್ಮಡಿ ಬೆಂಚಿನ ಅಂಚಲ್ಲಿ, ಅಲ್ಲಿ ಪೆನ್ಸಿಲ್ ಹೀಲ್ ಹಾಕ್ಕೊಂಡು ಒಂದು ಲೀಟರ್ ಮಗ್ ಹಿಡ್ಕೊಂಡು ಪಕ್ಕದವನ ಹೆಗಲಿಗೆ ಕೈ ಹಾಕಿ ಓಲಾಡೋದನ್ನ ಊಹೆ ಮಾಡ್ಕೊಳಿ.

ನಾನು ಮೊದಲನೇ ವರ್ಷ ಹೋದಾಗ ತುಂಬಾ ಜಾಣೆ ಅನ್ಕೊಂಡು ಹೀಲ್ಸ್ ಬೇಡ ಅಂತ ಬ್ಯಾಲೆರೀನಾ, ಅಂದ್ರೆ ತೆಳು ಫ್ಲಾಟ್ ಶೂ, ಹಾಕ್ಕೊಂಡು ಹೋಗಿದ್ದೆ, ಅಂಗಡೀಲಿ ಆಗಿನ್ನೂ ಬಟ್ಟೆ ಮಡಚೋ ಕೆಲಸ, ಶೂ ಬಗ್ಗೆ ಏನೂ ಗೊತ್ತಿರ್ಲಿಲ್ಲ. ಬ್ಯಾಲೆರೀನಾ ಸೋಲ್ ಅಂದ್ರೆ ಹಪ್ಪಳ. ರಾತ್ರಿ ಒಂಬತ್ತರ ಸುಮಾರಿಗೆ ಬೆಂಚಿಂದ ಇಳಿದವಳು ನೇರ ಒಡೆದ ಮಗ್‌ನ ಚೂರಿನ ಮೇಲೆ ಇಟ್ಟೆ ಕಾಲು. ಸೋಲ್ ದಾಟಿ ಹೆಬ್ಬೆರಳ ಬುಡಕ್ಕೆ ಹೋಗಿತ್ತು, ಫಸ್ಟ್ ಏಡ್‌ನಲ್ಲಿ ಎರಡು ಹೊಲಿಗೆ, ಮಾರನೇ ದಿನ ಕೆಲಸಕ್ಕೆ ರಜ. ಆವತ್ತಿಂದ ಅಂಗೈಯಲ್ಲಿ ಎರಡು ಕಡೆಯಿಂದ ಹಿಡಿದು ಮಡಚಿದಾಗ ಪುಸ್ತಕದ ಥರ ಮುಚ್ಚಿಕೊಳ್ಳೋ ಶೂನ ನಾನು ಯಾರಿಗೂ ವೀಸನ್‌ಗೆ ಅಂತ ಕೊಡಲ್ಲ, ಬೇಕೇ ಬೇಕು ಅಂದ್ರೆ ಪಕ್ಕದ ಹುಡುಗಿ ಹತ್ತಿರ ಬಿಲ್ ಮಾಡಿಸ್ಕೊಳಿ ಅಂತೀನಿ.

ಹಾಗಾದ್ರೆ ಇಲ್ಲಿಯವ್ರು ಏನು ಹಾಕ್ತಾರೆ ನೋಡಬೇಕು ಅಂದ್ರೆ ಟೆಂಟ್‌ಗೆ ಹೋಗಬೇಡಿ, ಹಬ್ಬದ ಮೊದಲ ಭಾನುವಾರ ಬೆಳಗ್ಗೆ ಹತ್ತಕ್ಕೆ ಶುರುವಾಗೋ ಟ್ರಾಖ್ಟ್ ಮೆರವಣಿಗೆಗೆ ಹೋಗಿ ರಸ್ತೆ ಪಕ್ಕ ನಿಂತ್ಕೊಳಿ. ಸುಮಾರು ಏಳು ಕಿಲೋಮೀಟರ್ ನಡೀತಾರೆ, ಮುದುಕೀರು ಮಕ್ಕಳು ಎಲ್ಲಾ. ಅವರ ಕಾಲು ನೋಡಿ. ಕಪ್ಪು ಅಥವಾ ಗಾಢ ಕಂದು ಚರ್ಮ, ಗುಂಡಗಿರೋ ಮೂತಿ, ಚಿಕ್ಕ ಅಗಲ ಹೀಲ್, ಬಿಳಿ ಕಾಲುಚೀಲ. ಮಿಂಚೋದು ಒಂದೂ ಇಲ್ಲ, ಚೂಪು ಮೂತಿ ಒಂದೂ ಇಲ್ಲ. ಹಳ್ಳಿ ಹಳ್ಳೀಲೂ ಟ್ರಾಖ್ಟ್ ಸಂಘಗಳಿವೆ, ಮೊಟ್ಟಮೊದಲನೇದು 1883ರಲ್ಲಿ ಬೈರಿಷ್‌ಸೆಲ್ ಅನ್ನೋ ಊರಲ್ಲಿ ಒಬ್ಬ ಮೇಷ್ಟ್ರು ಶುರು ಮಾಡಿದ್ದು, ಅವರಲ್ಲಿ ಶೂ ಕೂಡ ನಿಯಮದ ಪ್ರಕಾರವೇ. ಹಾಗಂತ ನಮಗೆ ನಿಮಗೆ ಆ ನಿಯಮ ಇಲ್ಲ, ಡಿರ್ನ್‌ಡಲ್ ಅನ್ನೋದೇ ಮೂಲದಲ್ಲಿ ಕೆಲಸದ ಹೆಣ್ಣುಮಕ್ಕಳ ಬಟ್ಟೆ, ಹೆಸರೇ ಡಿರ್ನ್ ಅಂದ್ರೆ ಆಳು ಹುಡುಗಿ ಅನ್ನೋದ್ರಿಂದ ಬಂದಿದ್ದು, ಪೇಟೆಯವ್ರಿಗೆ ಅದನ್ನ ಫ್ಯಾಶನ್ ಮಾಡಿ ಮಾರಿದ್ರಲ್ಲಿ ಮ್ಯೂನಿಕ್‌ನ ವಾಲಾಖ್ ಅನ್ನೋ ಯಹೂದಿ ಅಣ್ಣತಮ್ಮಂದಿರದು ದೊಡ್ಡ ಪಾಲು, ಹಿಟ್ಲರ್ ಕಾಲದಲ್ಲಿ ಅವರ ಅಂಗಡಿಯನ್ನೇ ಕಿತ್ಕೊಂಡ್ರು, ಅದು ಬೇರೆ ಕಥೆ. ನನ್ನ ಪಾಯಿಂಟ್ ಏನಂದ್ರೆ ಕೊಟ್ಟಿಗೇಲಿ ಓಡಾಡೋರ ಬಟ್ಟೆ ಇದು, ಅದರ ಕೆಳಗೆ ಓಡಾಡೋಕಾಗದ ಶೂ ಇಟ್ರೆ ಹೊಂದಲ್ಲ.

ಹಾಫರ್ಲ್‌ಶೂ ಅಂತ ಒಂದಿದೆ, ಸಾಮಾನ್ಯವಾಗಿ ಗಂಡಸರು ಚರ್ಮದ ಚಡ್ಡಿಗೆ ಹಾಕೋದು, ಲೇಸ್ ಪಕ್ಕಕ್ಕೆ ಇರತ್ತೆ, ಸೋಲ್ ದಪ್ಪ. ಓಬರ್ಸ್ಟ್‌ಡಾರ್ಫ್‌ನ ಫ್ರಾನ್ಜ್ ಶ್ರಾಟ್ ಅನ್ನೋ ಚಮ್ಮಾರ 1803ರಲ್ಲಿ ಬೆಟ್ಟದ ಮೇಕೆ ಗೊರಸು ನೋಡಿ ಮಾಡಿದ ಅಂತ ಹೇಳ್ತಾರೆ. ಈಗ ಹೆಂಗಸರಿಗೂ ಸ್ವಲ್ಪ ತೆಳುವಾಗಿ ಮಾಡ್ತಾರೆ. ನೋಡೋಕೆ ಸ್ಕೂಲ್ ಶೂ ಥರ ಅಂತ ನಮ್ಮೋರು ಮೂಗು ಮುರೀತಾರೆ, ಆದ್ರೆ ಒಳ್ಳೇ ಜೋಡಿ ಹೊಲಿಗೆ ಹಾಕಿದ ಹಾಫರ್ಲ್ ಒಂದು ತಗೊಂಡ್ರೆ ಹತ್ತು ಹದಿನೈದು ವರ್ಷ ಸೋಲ್ ಬದಲಾಯಿಸ್ಕೊಂಡು ಹಾಕಬಹುದು, ಹಿಮ ಬಿದ್ದಾಗ ಜೀನ್ಸ್‌ಗೂ ನಡಿಯತ್ತೆ. ಸ್ನೀಕರ್ಸ್ ಬಗ್ಗೆ ಕೇಳ್ತೀರಾ ಗೊತ್ತು. ಇಲ್ಲಿನ ಕಾಲೇಜ್ ಹುಡುಗೀರೇ ಬಿಳಿ ಸ್ನೀಕರ್ಸ್ ಹಾಕ್ಕೊಂಡು ಓಡಾಡ್ತಾರೆ, ಹಳಬರು ಮುಖ ಸಿಂಡರಿಸ್ತಾರೆ. ನಾನು ಹಳಬರ ಕಡೆ, ಆದ್ರೆ ಕಾಲಿಗೆ ಪೆಟ್ಟಾಗಿದೆ, ಮಂಡಿ ನೋವು ಅಂದ್ರೆ ಸ್ನೀಕರ್ಸ್ ಹಾಕ್ಕೊಂಡು ಹೋಗಿ, ಒಂದೇ ಬಣ್ಣದ್ದು, ತೊಳೆದಿದ್ದು.

ಇನ್ನು ನಮ್ಮ ಪಾದ. ಇದನ್ನ ಜರ್ಮನ್ ಸೇಲ್ಸ್‌ನವ್ರು ಯಾರೂ ನಿಮಗೆ ಹೇಳಲ್ಲ. ಚಿಕ್ಕಂದಿನಿಂದ ಬರಿಗಾಲು, ಹವಾಯಿ ಚಪ್ಪಲಿ ಅಂತ ಬೆಳೆದ ಕಾಲು ಮುಂದೆ ಅಗಲ, ಹಿಮ್ಮಡಿ ಸಣ್ಣ, ಬೆರಳು ಬೀಸಣಿಗೆ ಥರ ಬಿಚ್ಚಿರತ್ತೆ, ನಾನು ದಿನಾ ನೋಡ್ತೀನಿ. ಇಲ್ಲಿನ ಶೂಗೆ ಉದ್ದದ ನಂಬರ್ ಜೊತೆ ಅಗಲಕ್ಕೂ ಅಕ್ಷರ ಇದೆ, ಜಿ ಅಂದ್ರೆ ಸಾಮಾನ್ಯ, ಎಚ್ ಅಗಲ, ಕೆ ಇನ್ನೂ ಅಗಲ. ಕಾಲು ಹಿಡಿಯತ್ತೆ ಅಂತ ನಮ್ಮೋರು ಮಾಡೋ ತಪ್ಪು ಅಂದ್ರೆ ಒಂದು ನಂಬರ್ ದೊಡ್ಡದು ತಗೊಳ್ಳೋದು, ಆಗ ಹಿಮ್ಮಡಿ ಜಾರಿ ಬೊಬ್ಬೆ ಏಳತ್ತೆ. ನಂಬರ್ ಬಿಡಿ, ಎಚ್ ಕೇಳಿ. ಊರಿನ ನಂಬರ್ ಲೆಕ್ಕಾನೂ ಇಲ್ಲಿಗೆ ಸರಿಯಾಗಿ ಕೂಡಲ್ಲ, ಅಲ್ಲಿ ಬ್ರಿಟಿಷರ ಲೆಕ್ಕ, ಒಂದು ನಂಬರಿಗೆ ಸುಮಾರು 8.5 ಮಿಲಿಮೀಟರ್, ಇಲ್ಲಿ ಸುಮಾರು 6.7, ಅದಕ್ಕೇ ಅಲ್ಲಿನ 5 ಇಲ್ಲಿ 38 ಆಸುಪಾಸು ಬರತ್ತೆ ಅಷ್ಟೇ, ಅಳತೆ ಮಾಡಿಸಲೇಬೇಕು, ಅದೂ ಸಂಜೆ, ಕಾಲು ಊದಿಕೊಂಡ ಹೊತ್ತಲ್ಲಿ.

ಹೋದ ವರ್ಷ ಹಾಸನದ ಕಡೆ ಹುಡುಗಿ ಒಬ್ಬಳು ಬಂದಿದ್ಲು, ಮದುವೆಯಾಗಿ ಎಂಟು ತಿಂಗಳು, ಹಸಿರು ಮಿಡಿ ಡಿರ್ನ್‌ಡಲ್ ಚೀಲದಲ್ಲಿ, ಕೈಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಕೆಂಪು ಚೂಪು ಮೂತಿ ಹೀಲ್ಸ್. "ಇದನ್ನೇ ಸ್ವಲ್ಪ ಲೂಸ್ ಮಾಡಿಕೊಡ್ತೀರಾ ಅಕ್ಕಾ" ಅಂದ್ಲು. ಶೂ ಬಿಚ್ಚಿಸಿ ಕಾಲು ನೋಡಿದ್ರೆ ಎರಡನೇ ಬೆರಳಲ್ಲಿ ಕಾಲುಂಗುರ, ಮೂರು ಸುತ್ತಿಂದು, ಅದು ಹೆಬ್ಬೆರಳಿಗೆ ಒತ್ತಿ ಒತ್ತಿ ಪಕ್ಕದಲ್ಲಿ ಕೆಂಪಗೆ ಗೆರೆ ಬಿದ್ದಿತ್ತು, ಮನೇಲಿ ಅರ್ಧ ಗಂಟೆ ಹಾಕಿ ನೋಡಿದ್ದಕ್ಕೇ. "ಕಾಲುಂಗುರ ತೆಗೀಬಹುದಾ" ಅಂತ ನಾನು ಕೇಳೋ ಮೊದಲೇ ಅವಳೇ "ಅತ್ತೆ ವಿಡಿಯೋ ಕಾಲ್ ಮಾಡ್ತಾರೆ" ಅಂದ್ಲು. ಸರಿ, ಉಂಗುರಕ್ಕೆ ತಕ್ಕ ಶೂ ಹುಡುಕೋಣ ಅಂದೆ. ಅಳತೆ ಹಲಗೆ ಮೇಲೆ ನಿಲ್ಲಿಸಿದಾಗ ಎಡಗಾಲು 23.8, ಬಲಗಾಲು 24.2, ಯಾವಾಗ್ಲೂ ದೊಡ್ಡ ಕಾಲಿಗೇ ಶೂ ನೋಡಬೇಕು. ಗುಂಡು ಮೂತಿ, ಎಚ್ ಅಗಲ, ನಾಲ್ಕೂವರೆ ಸೆಂಟಿಮೀಟರ್ ಬ್ಲಾಕ್ ಹೀಲ್, ಗಾಢ ಕಂದು ಸ್ವೇಡ್ (ಮಖಮಲ್ಲಿನ ಥರ ಮೈ ಇರೋ ಚರ್ಮ), ಪಾದದ ಮೇಲೆ ಒಂದು ಪಟ್ಟಿ. ಕಾಲ್ಚೈನು ಮಾತ್ರ ಬಿಚ್ಚಿಸಿದೆ, ಅದು ಬಕಲ್‌ಗೆ ಸಿಕ್ಕಾಕ್ಕೊಂಡು ಕಾಲುಚೀಲ ಹರಿಯತ್ತೆ. ಅಂಗಡಿ ಮೆಟ್ಟಿಲು ಎರಡು ಸಲ ಹತ್ತಿಸಿ ಇಳಿಸಿದೆ, ಹತ್ತೋವಾಗ ಹಿಮ್ಮಡಿ ಎದ್ದು ಬರ್ತಿದ್ಯಾ, ಇಳಿಯೋವಾಗ ಬೆರಳು ಮುಂದಕ್ಕೆ ಹೋಗಿ ಗುದ್ದತ್ತಾ ಅಂತ, ಕಾರ್ಪೆಟ್ ಮೇಲೆ ನಡೆದ್ರೆ ಯಾವ ಶೂನೂ ಚೆನ್ನಾಗೇ ಇರತ್ತೆ. "ಕೆಂಪಿಗಿಂತ ಡಲ್ ಅಲ್ವಾ?" ಅಂದ್ಲು. ಡ್ರೆಸ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಮೇಲೆ ಏನೂ ಮಾತಾಡ್ಲಿಲ್ಲ, ಫೋಟೋ ತೆಗೆದು ಯಾರಿಗೋ ಕಳಿಸಿದ್ಲು.

ಬಣ್ಣದ ಬಗ್ಗೆ ಇಷ್ಟೇ, ಶೂನ ಏಪ್ರನ್‌ಗೆ ಮ್ಯಾಚ್ ಮಾಡೋಕೆ ಹೋಗಬೇಡಿ, ಬ್ಯಾಗ್‌ಗೆ ಮ್ಯಾಚ್ ಮಾಡಿ, ಚರ್ಮ ಚರ್ಮದ ಜೊತೆ. (ಬ್ಯಾಗೂ ಚಿಕ್ಕದೇ ಇರಲಿ, 20, 15, 10 ಸೆಂಟಿಮೀಟರ್ ದಾಟಿದ್ರೆ ಗೇಟಲ್ಲೇ ವಾಪಸ್ ಕಳಿಸ್ತಾರೆ, ಹಾಗಾಗಿ ಬದಲಿಗೆ ಇನ್ನೊಂದು ಜೊತೆ ಚಪ್ಪಲಿ ಇಟ್ಕೊಂಡು ಹೋಗ್ತೀನಿ ಅನ್ನೋ ಪ್ಲಾನ್ ನಡಿಯಲ್ಲ.) ಕಾಲುಚೀಲ ಬಿಳಿ ಅಥವಾ ಕೆನೆ ಬಣ್ಣ, ಅಂಚಲ್ಲಿ ಸ್ವಲ್ಪ ಲೇಸ್ ಇದ್ರೆ ಸಾಕು, ನಮ್ಮ ಮೈಬಣ್ಣಕ್ಕೆ ಇಲ್ಲಿನ "ಸ್ಕಿನ್ ಕಲರ್" ಸ್ಟಾಕಿಂಗ್ಸ್ ಮಾತ್ರ ಬೇಡ, ಕಾಲಿಗೆ ಪೌಡರ್ ಬಳಿದ ಹಾಗೆ ಕಾಣತ್ತೆ. ಹೊಸ ಶೂನ ಹಬ್ಬದ ದಿನವೇ ಮೊದಲ ಸಲ ಹಾಕಬೇಡಿ, ಎರಡು ವಾರ ಮುಂಚೆಯಿಂದ ಅಡುಗೆ ಮಾಡೋವಾಗ ದಿನಾ ಅರ್ಧ ಗಂಟೆ ಹಾಕ್ಕೊಂಡು ನಿಲ್ಲಿ, ದಪ್ಪ ಕಾಲುಚೀಲದ ಜೊತೆ. ಸ್ವೇಡ್ ಆದ್ರೆ ಮುಂಚೇನೇ ವಾಟರ್‌ಪ್ರೂಫ್ ಸ್ಪ್ರೇ ಎರಡು ಕೋಟ್ ಹೊಡೀಬೇಕು, ಬಾಲ್ಕನೀಲಿ, ಮನೆ ಒಳಗಲ್ಲ. ಚರ್ಮದ ಸೋಲ್ ಇದ್ರೆ ಮೊದಲೇ ಚಮ್ಮಾರನ ಹತ್ತಿರ ತೆಳು ರಬ್ಬರ್ ಅಂಟಿಸಿ. ಕೊರೊನಾದಿಂದ ಎರಡು ವರ್ಷ ನಿಂತಿದ್ದ ಹಬ್ಬ 2022ರಲ್ಲಿ ಮತ್ತೆ ಶುರುವಾದಾಗ ಮಳೆಯೋ ಮಳೆ, ಆ ವರ್ಷ ಚರ್ಮದ ಸೋಲ್‌ನವ್ರು ಜಾರಿದ ಕಥೆ ಕೇಳಿ ಕೇಳಿ ನಂಗೆ ಸಾಕಾಗಿತ್ತು.

ಹಾಸನದ ಹುಡುಗಿ ಹಬ್ಬ ಮುಗಿದ ಮೇಲೆ ಶೂನ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ಕೊಂಡು ಬಂದ್ಲು, ಕವರ್ ಬಿಚ್ಚಿದ್ರೆ ಬಿಯರ್ ವಾಸನೆ ಗಪ್ಪಂತ ಮೂಗಿಗೆ ಹೊಡೀತು. ಪುಣ್ಯಕ್ಕೆ ಹೀಟರ್ ಮೇಲೆ ಇಟ್ಟಿರ್ಲಿಲ್ಲ, ಇಟ್ಟಿದ್ರೆ ಚರ್ಮ ಚಕ್ಕುಲಿ ಆಗಿರ್ತಿತ್ತು. ಒಳಗೆ ಪೇಪರ್ ತುರುಕಿ, ಆರು ಗಂಟೆಗೊಂದು ಸಲ ಬದಲಾಯಿಸಿ, ಎರಡು ದಿನ ಹಾಗೇ ಬಿಟ್ಟು ಆಮೇಲೆ ರಬ್ಬರ್ ಬ್ರಶ್‌ನಲ್ಲಿ ಉಜ್ಜಿದ್ರೆ ಸರಿಹೋಗತ್ತೆ ಅಂತ ಹೇಳ್ಕೊಟ್ಟೆ. ತಿರುಗಿಸಿ ನೋಡಿದ್ರೆ ಬಲಗಾಲಿನ ಸೋಲ್‌ನಲ್ಲಿ ಅಕ್ಕಿಕಾಳಷ್ಟು ಗಾಜು ಕಚ್ಕೊಂಡು ಕೂತಿತ್ತು. ಚಿಮುಟದಲ್ಲಿ ಎಳೆದು ಅವಳ ಅಂಗೈಮೇಲೆ ಇಟ್ಟೆ. "ಅಯ್ಯೋ, ಗೊತ್ತೇ ಆಗಿಲ್ಲ ಅಕ್ಕಾ" ಅಂದ್ಲು.