ಪೆಪ್ಪರ್ಸ್ ಘೋಸ್ಟ್: ಗಾಜಿನಲ್ಲಿ ಮೂಡುವ ದೆವ್ವ

ಅಡಗಿರುವ ನಟನ ಬಿಂಬವನ್ನು ಗಾಜಿನಲ್ಲಿ ಬೀಳಿಸಿ, ರಂಗದ ಮೇಲೆ ಪಾರದರ್ಶಕ ದೆವ್ವವನ್ನು ಮೂಡಿಸಿ, ನೋಡನೋಡುತ್ತಿದ್ದಂತೆ ಕರಗಿಸುವ ತಂತ್ರವೇ ಪೆಪ್ಪರ್ಸ್ ಘೋಸ್ಟ್. 1862ರ ಡಿಸೆಂಬರ್ 24ರಂದು ಲಂಡನ್ನಿನ ರೀಜೆಂಟ್ ಸ್ಟ್ರೀಟಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ವಿಜ್ಞಾನ ಉಪನ್ಯಾಸಕ ಜಾನ್ ಹೆನ್ರಿ ಪೆಪ್ಪರ್ ಇದನ್ನು ತೋರಿಸಿದರು. ಮೂಲ ಕಲ್ಪನೆ ಇಂಜಿನಿಯರ್ ಹೆನ್ರಿ ಡರ್ಕ್ಸ್ ಅವರದು. ಆದರೆ ಅವರು ಹೇಳಿದಂತೆ ಮಾಡಲು ರಂಗಮಂದಿರವನ್ನೇ ಬದಲಿಸಿ ಕಟ್ಟಬೇಕಿತ್ತು. ಗಾಜನ್ನು ವಾಲಿಸಿದರೆ ಇರುವ ರಂಗದಲ್ಲೇ ಕೆಲಸ ಆಗುತ್ತದೆಂದು ತೋರಿಸಿದವರು ಪೆಪ್ಪರ್. ಪೇಟೆಂಟ್‌ನಲ್ಲಿ ಇಬ್ಬರ ಹೆಸರೂ ಇತ್ತು, ಜನರ ಬಾಯಲ್ಲಿ ಉಳಿದದ್ದು ಒಬ್ಬರದು. ಡರ್ಕ್ಸ್‌ಗೆ ಇದು ಅನ್ಯಾಯವೇ.

ರಂಗದ ಮುಂಭಾಗದಲ್ಲಿ, ಪ್ರೇಕ್ಷಕರ ಕಣ್ಣಿಗೆ ಬೀಳದಷ್ಟು ತಗ್ಗಿನಲ್ಲಿ ಒಂದು ಕುಳಿ. ಅದರ ಹಿಂದೆ ಭಾರಿ ಗಾಜು, ಮೇಲ್ತುದಿ ಪ್ರೇಕ್ಷಕರ ಕಡೆಗೆ ವಾಲಿರುತ್ತದೆ. ದೆವ್ವದ ಪಾತ್ರಧಾರಿ ಕುಳಿಯಲ್ಲಿ ಕಪ್ಪು ಬಟ್ಟೆ ಹೊದಿಸಿದ ಓರೆ ಹಲಗೆಗೆ ಬೆನ್ನು ಕೊಟ್ಟು ಒರಗುತ್ತಾನೆ. ತಲೆ ಪ್ರೇಕ್ಷಕರ ಕಡೆ, ಕಾಲು ಗಾಜಿನ ಕಡೆ. ಗಾಜು ಎಷ್ಟು ವಾಲಿದೆಯೋ ಅದರ ಎರಡರಷ್ಟು ಅವನು ವಾಲಬೇಕು: ಗಾಜು 20 ಡಿಗ್ರಿಯಾದರೆ ಅವನು 40. ಈ ಲೆಕ್ಕ ತಪ್ಪಿದರೆ ದೆವ್ವ ಮುಗ್ಗರಿಸಿದಂತೆ ನಿಲ್ಲುತ್ತದೆ.

ನಿಜವಾದ ಗುಟ್ಟು ಬೆಳಕಿನದು. ಬರಿಯ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಹಾಗಾಗಿ ಕುಳಿಯೊಳಗೆ ಲೈಮ್‌ಲೈಟ್ ಬೇಕಾಯಿತು: ಆಮ್ಲಜನಕ, ಜಲಜನಕ ಸೇರಿದ ಜ್ವಾಲೆ ತಾಗಿ ಸುಣ್ಣದ ತುಂಡು ಕಣ್ಣು ಕೋರೈಸುವಂತೆ ಬೆಳಗುವ ದೀಪ. ರಂಗದ ಬೆಳಕನ್ನು ತಗ್ಗಿಸಲೇಬೇಕು, ಇಲ್ಲದಿದ್ದರೆ ದೆವ್ವ ತೊಳೆದುಹೋಗುತ್ತದೆ. ಸಭಾಂಗಣದ ದೀಪ ಉರಿಯುತ್ತಿದ್ದರೆ ಗಾಜು ಅದನ್ನೂ ತೋರಿಸಿ ಗುಟ್ಟು ರಟ್ಟಾಗುತ್ತದೆ. ಗಾಜಿಗೆ ಎರಡು ಮುಖಗಳಿರುವುದರಿಂದ ಬಿಂಬವೂ ಎರಡು. ಗಾಜು ದಪ್ಪವಾದಷ್ಟೂ ದೆವ್ವದ ಅಂಚು ಜೋಡಿಯಾಗುತ್ತದೆ.

ನಟರ ಪಾಡು ಸುಲಭದ್ದಲ್ಲ. ಗಾಜಿನ ಹಿಂದೆ ನಿಂತವನಿಗೆ ದೆವ್ವ ಕಾಣುವುದೇ ಇಲ್ಲ. ಕುಳಿಯವನು ಗಾಜಿನಿಂದ ಎಷ್ಟು ಮುಂದಿದ್ದಾನೋ ದೆವ್ವ ಅಷ್ಟೇ ಹಿಂದೆ ಮೂಡುವುದರಿಂದ, ಆ ಜಾಗಕ್ಕೆ ನೆಲದಲ್ಲಿ ಗುರುತು ಹಾಕಿ, ಅದನ್ನು ನೋಡಿಯೇ ಕತ್ತಿ ಬೀಸಬೇಕು. ಬಿಂಬ ಎಡಬಲ ತಿರುವುಮುರುವಾದ್ದರಿಂದ, ದೆವ್ವದ ಬಲಗೈಯಲ್ಲಿ ಕತ್ತಿ ಕಾಣಬೇಕೆಂದರೆ ಕುಳಿಯವನು ಎಡಗೈಯಲ್ಲಿ ಹಿಡಿಯಬೇಕು. ಗಾಜು ದನಿಯನ್ನೂ ತಡೆಯುತ್ತಿತ್ತು, ಮಾತು ಕಡಿಮೆಯಿದ್ದ ದೃಶ್ಯಗಳೇ ಇದಕ್ಕೆ ಒಗ್ಗಿದವು.

2012ರಲ್ಲಿ ಅಮೆರಿಕದ ಕೋಚೆಲ್ಲಾ ಉತ್ಸವದಲ್ಲಿ ತೀರಿಹೋದ ಗಾಯಕ ಟುಪಾಕ್ ವೇದಿಕೆಗೆ ಬಂದಂತೆ ತೋರಿಸಿದ್ದನ್ನು ಹಲವರು ಹೊಲೊಗ್ರಾಂ, ಅಂದರೆ ಬೆಳಕಿನಲ್ಲಿ ಮೂಡಿಸುವ ಮೂರು ಆಯಾಮದ ಚಿತ್ರ, ಅಂದರು. ಅದೂ ಇದೇ ತಂತ್ರ. ಗಾಜಿನ ಬದಲು ತೆಳು ಪ್ಲಾಸ್ಟಿಕ್ ಹಾಳೆ, ನಟನ ಬದಲು ಪ್ರೊಜೆಕ್ಟರಿನ ಚಿತ್ರ. ಹಾಳೆ ಹಗುರ ನಿಜ, ಆದರೆ ಬಿಗಿ ಸ್ವಲ್ಪ ಸಡಿಲಾದರೂ ಬಿಂಬ ಸೊಟ್ಟಗಾಗುತ್ತದೆ.