‘ಬಿಯೆನ್’ ಆಯಿತು, ಮುಂದೆ?

ಪ್ರಶ್ನೆ: ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಯಾರು ‘ಕೆ ತಾಲ್?’ (ಹೇಗಿದ್ದೀರಿ?) ಎಂದು ಕೇಳಿದರೂ ‘ಬಿಯೆನ್’ ಎಂಬ ಒಂದೇ ಉತ್ತರ ಬಾಯಿಗೆ ಬರುತ್ತದೆ. ಎಲ್ಲ ಚೆನ್ನಾಗಿ ನಡೆಯುತ್ತಿದೆ ಎನ್ನಲು ಅಲ್ಲಿಯವರು ಇನ್ನೇನು ಹೇಳುತ್ತಾರೆ?

ಉತ್ತರ: ‘ಬಿಯೆನ್’ನಲ್ಲಿ ತಪ್ಪೇನೂ ಇಲ್ಲ. ‘ಮುಯ್ ಬಿಯೆನ್’ ಎಂದರೆ ತುಂಬ ಚೆನ್ನಾಗಿದೆ, ‘ತೋದೊ ಬಿಯೆನ್’ ಎಂದರೆ ಎಲ್ಲ ಸರಿಯಾಗಿದೆ. ಎದುರಿಗೆ ಸಿಕ್ಕವರ ಕುಶಲ ಪ್ರಶ್ನೆಗೆ ಇಷ್ಟು ಸಾಕು.

ಸ್ವಾರಸ್ಯವಿರುವುದು ಕೆಲಸಕಾರ್ಯಗಳ ಮಾತು ಬಂದಾಗ. ನಮ್ಮಲ್ಲಿ ಕೆಲಸ ‘ನಡೆಯುತ್ತದೆ’, ಅವರಲ್ಲಿ ‘ಹೋಗುತ್ತದೆ’. ಆ ‘ಹೋಗುತ್ತದೆ’ಗೆ ಅವರ ಕ್ರಿಯಾಪದ ಬರವಣಿಗೆಯಲ್ಲಿ ‘ವಾ’, ಉಚ್ಚಾರಣೆಯಲ್ಲಿ ಹೆಚ್ಚುಕಡಿಮೆ ನಮ್ಮ ‘ಬಾ’! ಹೋಗುವುದಕ್ಕೆ ಬಾ ಎನ್ನುವ ಜನ ಎಂದು ನಕ್ಕು ನೆನಪಿಟ್ಟುಕೊಳ್ಳಿ, ಮರೆಯುವುದಿಲ್ಲ.

ಮ್ಯಾಡ್ರಿಡ್‌ನಲ್ಲಿ ಒಬ್ಬಾಕೆಯ ಮಗಳು ಬೇಕರಿ ತೆರೆದಿದ್ದಾಳೆ ಎನ್ನಿ. ವ್ಯಾಪಾರ ಹೇಗಿದೆ ಎಂದು ನೆರೆಯವರು ಕೇಳಿದರೆ ತಾಯಿ ‘ಬಾ ಬಿಯೆಂತೊ ಎನ್ ಪೋಪಾ’ ಎನ್ನಬಹುದು. ಬಿಯೆಂತೊ ಎಂದರೆ ಗಾಳಿ, ಪೋಪಾ ಎಂದರೆ ಹಡಗಿನ ಹಿಂಬದಿ. ಹಾಯಿಹಡಗಿಗೆ ಬೆನ್ನಿನಿಂದ ಗಾಳಿ ಬೀಸಿದರೆ ಹುಟ್ಟು ಹಾಕುವ ಕಷ್ಟವಿಲ್ಲ. ಕಡಲು ದಾಟಿ ಬದುಕಿದವರ ಮಾತು. ನೆಲದ ಮೇಲೆ ಇದ್ದುಕೊಂಡೇ ಹೇಳುವುದಾದರೆ ‘ಬಾ ಸೋಬ್ರೆ ರುವೇದಾಸ್’, ಚಕ್ರದ ಮೇಲೆ ಉರುಳುತ್ತಿದೆ. ನನಗೆ ಪ್ರಿಯವಾದದ್ದು ‘ಕೋಮೊ ಲಾ ಸೇದಾ’, ರೇಷ್ಮೆಯ ಹಾಗೆ. ನಾವು ‘ಹೂವೆತ್ತಿದ ಹಾಗೆ ಆಯಿತು’ ಎನ್ನುವ ಕಡೆ ಇದು ಸರಿಯಾಗಿ ಕೂರುತ್ತದೆ. ಆದರೆ ಇವು ಮೂರೂ ಕೆಲಸಕ್ಕೆ, ವ್ಯವಹಾರಕ್ಕೆ. ನಿಮ್ಮ ಆರೋಗ್ಯ ವಿಚಾರಿಸಿದವರಿಗೆ ರೇಷ್ಮೆ, ಚಕ್ರ ಹೇಳಬೇಡಿ.

ಹಾಗೆಯೇ ‘ಎಸ್ತೊಯ್ ಬಿಯೆನ್’ ಎನ್ನುವ ಬದಲು ‘ಎಸ್ತೊಯ್ ಬುವೇನೊ’ ಎಂದುಬಿಟ್ಟೀರಿ, ಜೋಕೆ. ಸ್ಪೇನ್‌ನಲ್ಲಿ ಅದಕ್ಕೆ ‘ನಾನು ಮೈಕಟ್ಟಿನಲ್ಲಿ ಭಾರಿ ಆಕರ್ಷಕ’ ಎಂಬ ಅರ್ಥ ಬರುತ್ತದೆ. ಕೇಳಿದವರು ಮುಸಿಮುಸಿ ನಗುವುದು ಅದಕ್ಕೇ.

ಅಟ್ಲಾಂಟಿಕ್ ದಾಟಿದರೆ ಪದಗಳೂ ಬದಲಾಗುತ್ತವೆ. ಮೆಕ್ಸಿಕೊದ ಗೆಳೆಯರ ನಡುವೆ ‘ತೋದೊ ಚೀದೊ’, ವೆನೆಜುವೆಲಾ, ಕೊಲಂಬಿಯಾಗಳಲ್ಲಿ ‘ಚೇಬೆರೆ’. ಕೋಸ್ಟರಿಕಾದವರಿಗಂತೂ ‘ಪುರಾ ಬಿದಾ’ ಒಂದಿದ್ದರೆ ಸಾಕು: ಅಪ್ಪಟ ಬದುಕು ಎಂಬುದು ಅಕ್ಷರಾರ್ಥ, ಆದರೆ ನಮಸ್ಕಾರಕ್ಕೂ ಅದೇ, ಬೀಳ್ಕೊಡುವುದಕ್ಕೂ ಅದೇ, ಚೆನ್ನಾಗಿದ್ದೇನೆ ಎನ್ನುವುದಕ್ಕೂ ಅದೇ.

ಅಷ್ಟೇನೂ ಚೆನ್ನಾಗಿಲ್ಲದ ದಿನಕ್ಕೆ ಸ್ಪೇನ್‌ನವರ ಬಳಿ ‘ಬಾಮೋಸ್ ತಿರಾಂದೊ’ ಇದೆ. ಹೇಗೋ ಎಳೆದುಕೊಂಡು ಹೋಗುತ್ತಿದ್ದೇವೆ ಎಂದರ್ಥ. ನಾವು ತಳ್ಳಿಕೊಂಡು ಹೋಗುವ ಗಾಡಿಯನ್ನೇ ಅವರು ಮುಂದಿನಿಂದ ಎಳೆಯುತ್ತಾರೆ, ಅಷ್ಟೇ.