ಪದ ಪರಿಚಯ: ಕ್ರಿಸ್ತ

ಶಾಸನವೊಂದರ ಕಾಲವನ್ನು ನಮೂದಿಸುವಾಗ ‘ಕ್ರಿ.ಶ.’ ಎಂದು ಬರೆಯುವುದು ನಮಗೆ ರೂಢಿಯಾಗಿದೆ. ಆ ಮೊದಲಕ್ಷರದಲ್ಲಿ ಅಡಗಿರುವ ‘ಕ್ರಿಸ್ತ’ ಎಂಬುದು ವ್ಯಕ್ತಿಯ ಹೆಸರೆಂದೇ ಹಲವರು ಭಾವಿಸಿರುತ್ತಾರೆ. ಅದು ಮೂಲದಲ್ಲಿ ಹೆಸರಲ್ಲ, ಬಿರುದು. ಗ್ರೀಕಿನ ‘ಖ್ರಿಸ್ತೋಸ್’ ಎಂಬ ಪದದಿಂದ ಅದು ಬಂದಿದೆ; ಆ ಗ್ರೀಕ್ ಪದವಾದರೂ ಹೀಬ್ರೂವಿನ ‘ಮಾಶಿಯಾಖ್’, ಅಂದರೆ ಮೆಸ್ಸೀಯ, ಎಂಬುದರ ಅನುವಾದ. ಎರಡರ ಅರ್ಥವೂ ಒಂದೇ: ಎಣ್ಣೆಯಿಂದ ಅಭಿಷೇಕ ಹೊಂದಿದವನು. ಕ್ರೈಸ್ತ ಧರ್ಮವು ಯೆಹೂದ್ಯರ ನಡುವೆ ಹುಟ್ಟಿತೆಂಬುದಕ್ಕೆ ಈ ಪದಕ್ಕಿಂತ ಹತ್ತಿರದ ಸಾಕ್ಷಿ ಬೇರೊಂದಿಲ್ಲವೆಂದು ನನಗನಿಸುತ್ತದೆ.

ಪಟ್ಟಾಭಿಷೇಕವೆಂದರೆ ನಮ್ಮ ಮನಸ್ಸಿಗೆ ಪುಣ್ಯನದಿಗಳ ನೀರು ಬರುತ್ತದೆ. ಪ್ರಾಚೀನ ಇಸ್ರಾಯೇಲಿನಲ್ಲಿ ಅದು ಆಲಿವ್ ಎಣ್ಣೆಯಿಂದ ನಡೆಯುತ್ತಿತ್ತು. ಯಾಜಕರ, ಅಂದರೆ ಪುರೋಹಿತರ, ಅಭಿಷೇಕಕ್ಕೆ ಬೇಕಾದ ತೈಲವನ್ನು ತಯಾರಿಸುವ ಕ್ರಮವನ್ನೇ ಬೈಬಲಿನ ವಿಮೋಚನಕಾಂಡದ 30ನೆಯ ಅಧ್ಯಾಯ ಕೊಡುತ್ತದೆ: 500 ಶೆಕೆಲ್ ತೂಕದ ರಕ್ತಬೋಳ, 250 ಶೆಕೆಲ್ ದಾಲ್ಚಿನ್ನಿ, ಇನ್ನಿತರ ಸುಗಂಧದ್ರವ್ಯಗಳು, ಜೊತೆಗೆ ಎಣ್ಣೆ. ಈ ತೈಲವನ್ನು ಸಾಮಾನ್ಯರ ಮೈಗೆ ಹಚ್ಚಕೂಡದೆಂಬ ಕಟ್ಟಪ್ಪಣೆಯೂ ಅಲ್ಲಿಯೇ ಇದೆ. ಅರಸರಿಗೂ ಅಭಿಷೇಕವಾಗುತ್ತಿತ್ತು, ಪ್ರವಾದಿ ಸಮುವೇಲನು ಮೊದಲು ಸೌಲನ ತಲೆಯ ಮೇಲೆ, ಬಳಿಕ ದಾವೀದನ ತಲೆಯ ಮೇಲೆ ಎಣ್ಣೆ ಹೊಯ್ದನು. ಬೈಬಲಿನ ಯೆಶಾಯನ ಗ್ರಂಥವಂತೂ ಪರದೇಶದ ದೊರೆಯಾದ ಪರ್ಷಿಯದ ಕೋರೆಷನನ್ನು (ಸೈರಸ್) ಸಹ ದೇವರ ‘ಮಾಶಿಯಾಖ್’ ಎಂದು ಕರೆಯುತ್ತದೆ, ಏಕೆಂದರೆ ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದು, ಸೆರೆಯಲ್ಲಿದ್ದ ಯೆಹೂದ್ಯರು ತಾಯ್ನಾಡಿಗೆ ಮರಳಲು ದಾರಿಮಾಡಿದವನು ಅವನೇ. ಅಂದಮೇಲೆ ಈ ಪದಕ್ಕೆ ಆರಂಭದಲ್ಲಿ ‘ಲೋಕರಕ್ಷಕ’ ಎಂಬ ಅರ್ಥವಾಗಲಿ ‘ದೇವರು’ ಎಂಬ ಅರ್ಥವಾಗಲಿ ಇರಲಿಲ್ಲ.

ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಕೆಡವಿ ದಾವೀದನ ವಂಶದ ಆಳ್ವಿಕೆಯನ್ನು ಕೊನೆಗಾಣಿಸಿದ ಮೇಲೆ, ಹಿಂದೆ ಇದ್ದ ಅಭಿಷಿಕ್ತನನ್ನು ಕುರಿತ ಮಾತು ಕ್ರಮೇಣ ಮುಂದೆ ಬರಲಿರುವ ಅಭಿಷಿಕ್ತನನ್ನು ಕುರಿತ ಹಂಬಲವಾಯಿತು. ಕ್ರಿ.ಪೂ. 63ರಲ್ಲಿ ರೋಮನ್ನರು ಯೆರೂಸಲೇಮನ್ನು ವಶಪಡಿಸಿಕೊಂಡಾಗ ಆ ಹಂಬಲ ಇನ್ನಷ್ಟು ತೀವ್ರವಾಯಿತು. ಬರುವವನು ಎಂಥವನು ಎಂಬುದರಲ್ಲಿ ಮಾತ್ರ ಒಮ್ಮತವಿರಲಿಲ್ಲ. 1947ರಿಂದೀಚೆಗೆ ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ದೊರೆತ ಸುರುಳಿಗಳಲ್ಲೊಂದು ಯಾಜಕ ಆರೋನನ ಕಡೆಯ ಒಬ್ಬ, ಇಸ್ರಾಯೇಲಿನ ಕಡೆಯ ಒಬ್ಬ, ಹೀಗೆ ಇಬ್ಬರು ಅಭಿಷಿಕ್ತರನ್ನು ಎದುರುನೋಡುತ್ತದೆ.

ಯೇಸುವಿನ ಶಿಷ್ಯರು ಕೊಟ್ಟ ಉತ್ತರವೂ ಯೆಹೂದ್ಯರೊಳಗಿನ ಈ ಚರ್ಚೆಗೇ ಸೇರಿದ್ದು. ಯೇಸುವೂ ಯೆಹೂದ್ಯ, ಅವನ ಮಾತನ್ನು ಸಾರಿದ ಪೇತ್ರ, ಯಾಕೋಬ, ಪೌಲರೂ ಯೆಹೂದ್ಯರೇ. ರೋಮನ್ ಅಧಿಕಾರಿ ಪಿಲಾತನು ಯೇಸುವನ್ನು ಶಿಲುಬೆಗೇರಿಸಿದಾಗ ಮೇಲೆ ಹಾಕಿಸಿದ ಆರೋಪಪತ್ರದಲ್ಲಿ ‘ಯೆಹೂದ್ಯರ ಅರಸನು’ ಎಂದಿತ್ತೆಂದು ಯೇಸುವಿನ ಜೀವನವನ್ನು ನಿರೂಪಿಸುವ ಸುವಾರ್ತೆಗಳು ಹೇಳುತ್ತವೆ. ‘ಅಭಿಷಿಕ್ತ’ ಎಂಬ ಪದ ರೋಮಿನ ಆಡಳಿತಕ್ಕೆ ಕೇಳಿಸಿದ್ದು ಹೀಗೆ. ಗೆದ್ದು ಆಳಬೇಕಾದ ಅಭಿಷಿಕ್ತನು ಶಿಲುಬೆಯ ಮೇಲೆ ಸತ್ತನೆಂಬುದು ಬಹುಪಾಲು ಯೆಹೂದ್ಯರಿಗೆ ಒಪ್ಪಲಾಗದ ಮಾತಾಗಿತ್ತು. ಶಿಷ್ಯರಾದರೋ ತಮ್ಮ ಪೂರ್ವಿಕರ ಅದೇ ಗ್ರಂಥಗಳನ್ನು ಆ ಸಾವಿನ ಬೆಳಕಿನಲ್ಲಿ ಮತ್ತೆ ಓದತೊಡಗಿದರು.

ಬಿರುದು ಹೆಸರಾದದ್ದು ಗ್ರೀಕ್ ಮಾತಾಡುವ ಊರುಗಳಲ್ಲಿ. ಯೆಹೂದ್ಯ ಹಿನ್ನೆಲೆಯಿಲ್ಲದವನ ಕಿವಿಗೆ ‘ಖ್ರಿಸ್ತೋಸ್’ ಎಂದರೆ ಏನನ್ನೋ ಬಳಿದದ್ದು ಎಂದಷ್ಟೇ ಅರ್ಥ. ಅದರ ಹಿಂದಿನ ಅರಸುತನ ಅವನಿಗೆ ಹೊಳೆಯುವಂತಿರಲಿಲ್ಲ. ಕ್ರಿ.ಶ. 50ರ ದಶಕದ ಪೌಲನ ಪತ್ರಗಳಲ್ಲಿಯೇ ಪದವು ಎಷ್ಟೋ ಕಡೆ ಹೆಸರಿನಂತೆ ಬಳಕೆಯಾಗಿದೆ. ಸುನ್ನತಿಯಿಲ್ಲದ ಅನ್ಯಜನರೂ, ಅಂದರೆ ಯೆಹೂದ್ಯರಲ್ಲದವರೂ, ಗುಂಪಿಗೆ ಸೇರಬಹುದೆಂದಾದ ಮೇಲೆ ಅಂಥ ಕೇಳುಗರೇ ಹೆಚ್ಚಿದರು. ಶಿಷ್ಯರಿಗೆ ‘ಕ್ರೈಸ್ತರು’ ಎಂಬ ಹೆಸರು ಮೊದಲು ಬಂದದ್ದು ಸಿರಿಯದ ಅಂತಿಯೋಕ್ಯದಲ್ಲಿ ಎಂದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಗ್ರಂಥ ಹೇಳುತ್ತದೆ.

ಕನ್ನಡದ ಓದುಗರಿಗೆ ‘ಅಭಿಷಿಕ್ತ’ಕ್ಕೂ ‘ಕ್ರಿಸ್ತ’ಕ್ಕೂ ಇರುವ ಈ ನಂಟು ಮರೆಯಾಗಲು ಇನ್ನೊಂದು ಕಾರಣವಿದೆ. ತನ್ನನ್ನು ಕೊಲ್ಲಲು ಬಂದ ಸೌಲನು ಏಂಗೆದಿಯ ಗುಹೆಯಲ್ಲಿ ಕೈಗೆ ಸಿಕ್ಕಾಗ ದಾವೀದನು ಅವನ ನಿಲುವಂಗಿಯ ತುದಿಯನ್ನಷ್ಟೇ ಕತ್ತರಿಸಿ, ಈತನು ಕರ್ತನ, ಅಂದರೆ ದೇವರ, ಅಭಿಷಿಕ್ತನು, ಈತನ ಮೇಲೆ ಕೈಯೆತ್ತಲಾರೆ ಎನ್ನುತ್ತಾನೆ. ಲೂಕನ ಸುವಾರ್ತೆಯಲ್ಲಿ ಮುದುಕನಾದ ಸಿಮೆಯೋನನಿಗೆ, ಕರ್ತನ ಕ್ರಿಸ್ತನನ್ನು ಕಾಣುವ ಮುನ್ನ ನಿನಗೆ ಸಾವಿಲ್ಲವೆಂಬ ಭರವಸೆ ದೊರೆತಿರುತ್ತದೆ. ನಮ್ಮ ಅನುವಾದಗಳಲ್ಲಿ ಇವು ಎರಡು ಬೇರೆ ಪದಗಳು. ದಾವೀದನ ಕಥೆಯ ಹಳೆಯ ಗ್ರೀಕ್ ಅನುವಾದದಲ್ಲಿಯೂ ಲೂಕನ ಗ್ರೀಕ್ ಮೂಲದಲ್ಲಿಯೂ ಇರುವುದು ಅದೇ ‘ಖ್ರಿಸ್ತೋಸ್’.